ಗವಾಕ್ಷಿಯಿಂದ ಬಂದ ಸಮಯ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ. ಒಂದು ಮಾತನ್ನೂ ಸೇರಿಸಿಲ್ಲ. ಸೇರಿಸುವ ಬುದ್ಧಿ ಇದ್ದಿದ್ದರೆ ಆ ಫಾರಂ ಅವತ್ತೇ ಅಂಚೆಗೆ ಹಾಕಿರುತ್ತಿದ್ದೆ.

ಮೂವತ್ತೇಳನೇ ಇಸವಿ. ಜಗಳೂರಿನಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಓದು ಕಲಿತದ್ದೇ ಇಪ್ಪತ್ತು ದಾಟಿದ ಮೇಲೆ, ರಾತ್ರಿ ಶಾಲೆಯಲ್ಲಿ. ಕಲಿತದ್ದೇ ತಡ, ನಕ್ಷತ್ರದ ಹುಚ್ಚು ಹಿಡಿಯಿತು. ಸರ್ವೆ ಸಾಹೇಬರೊಬ್ಬರು ಊರು ಬಿಡುವಾಗ ಮಾರಿದ ಹಿತ್ತಾಳೆ ದುರ್ಬೀನು ನನ್ನ ಹತ್ತಿರ ಇತ್ತು.

ಭೂಮಿಯ ಪಕ್ಕದಲ್ಲೇ ಹಾದುಹೋಗುವ ಪುಟ್ಟ ಗ್ರಹಗಳಿರುತ್ತವೆ. ನೋಡಲು ಚುಕ್ಕಿಯ ಹಾಗೇ, ಆದರೆ ಓಡುತ್ತವೆ. ಬರುವ ಮುಂಚೆ ಯಾರೂ ಹೇಳುವುದಿಲ್ಲ. ಹೋದ ಮೇಲೆ ಪತ್ರಿಕೆಯಲ್ಲಿ ಬರುತ್ತದೆ. ಆ ಪತ್ರಿಕೆ ನಮ್ಮೂರಿಗೆ ಬರುವಷ್ಟರಲ್ಲಿ ತಿಂಗಳು ಕಳೆದಿರುತ್ತದೆ. ಎರಡು ಸಲ ಹೀಗೇ ತಪ್ಪಿತು. ಮತ್ತೊಂದು ಸಲ ಏನೋ ಓಡಿದ್ದನ್ನು ಕಂಡು ವೀಕ್ಷಣಾಲಯಕ್ಕೆ ಬರೆದರೆ, ಉತ್ತರವಾಗಿ ಖಾಲಿ ಫಾರಂ ಬಂತು. ಸೆಕೆಂಡಿನ ಲೆಕ್ಕದಲ್ಲಿ ಸಮಯ ಬೇಕು. ನೋಡಿದವರ ಹೆಸರು, ಸಮಯ ಹೇಳಿದವರ ಹೆಸರು ಬೇಕು. ಆ ಫಾರಂ ತುಂಬಿಸಿ ಕಳಿಸಲೇಬೇಕು ಅಂತ ಹಟ ಹಿಡಿದೆ.

ಅಂಚೆ ಕಚೇರಿಯ ರುದ್ರಣ್ಣ ಜೊತೆಗೆ ಬಂದ. ದಿನಾ ಸಂಜೆ ಟೆಲಿಗ್ರಾಫ್ ತಂತಿಯಲ್ಲಿ ಬರುವ ಗಂಟೆಯ ಲೆಕ್ಕಕ್ಕೆ ತನ್ನ ಜೇಬುಗಡಿಯಾರ ಸರಿಮಾಡಿಕೊಂಡು ಬರುತ್ತಿದ್ದ. “ಮಂದಿ ಹೆಣ್ಣು ಹುಡುಕಾಕೆ ತಿರುಗ್ತಾರೆ, ನೀನು ಚುಕ್ಕಿ ಹುಡುಕಾಕೆ ಹತ್ತೀಯಲ್ಲೋ ತಮ್ಮಾ” ಅಂತ ಅಣಕಿಸುತ್ತಿದ್ದ.

ನಮ್ಮ ಜಾಗ ಊರ ಹೊರಗೆ ದಾರಿಹೋಕರು ತಂಗುತ್ತಿದ್ದ ಹಳೇ ಮುಸಾಫಿರಖಾನೆ. ಮಣ್ಣಿನ ಮಾಳಿಗೆ, ಅದರ ನಡುವೆ ಒಂದು ಗವಾಕ್ಷಿ. ಕೆಳಗಿನ ಬೆಳಕು ಬಿದ್ದರೆ ಕತ್ತಲಿಗೆ ಹೊಂದಿದ ಕಣ್ಣು ಕೆಡುತ್ತದೆಂದು ಗವಾಕ್ಷಿಗೆ ಗೋಣಿಚೀಲ ಹೊದಿಸಿ ನಾನು ಮೇಲೆ ಕೂರುತ್ತಿದ್ದೆ. ರುದ್ರಣ್ಣ ಕೆಳಗಿನ ಕೋಣೆಯಲ್ಲಿ ಲಾಟೀನು ಇಟ್ಟುಕೊಂಡು ಕೂರುತ್ತಿದ್ದ. ನಾನು “ಹಾಂ” ಅಂದ ಕೂಡಲೇ ಅವನು ಸಮಯ ಕೂಗಿ ಪುಸ್ತಕದಲ್ಲಿ ಬರೆಯಬೇಕು. ನಾನು ಬೀಡಿ ಕೆಂಡದ ಬೆಳಕಲ್ಲಿ ನಕ್ಷತ್ರಗಳ ನಕ್ಷೆಯ ಮೇಲೆ ಚುಕ್ಕಿ ಇದ್ದ ಜಾಗಕ್ಕೆ ಸೂಜಿ ಚುಚ್ಚಬೇಕು.

ದೀಪಾವಳಿಗೆ ಮೂರ್ನಾಲ್ಕು ದಿನ ಇತ್ತು. ಕಗ್ಗತ್ತಲೆ. ಹಾಲುಗಾಳು ಕಟ್ಟಿದ ಜೋಳದ ಹೊಲದ ವಾಸನೆ. ಹನ್ನೊಂದರ ಸುಮಾರಿಗೆ ದುರ್ಬೀನಿನಲ್ಲಿ ನಕ್ಷೆಯಲ್ಲಿಲ್ಲದ ಒಂದು ಚುಕ್ಕಿ... ನೋಡುತ್ತಿದ್ದ ಹಾಗೇ ಸರಿಯುತ್ತಿತ್ತು.

“ಹಾಂ” ಅಂದೆ. ನಕ್ಷೆಗೆ ಸೂಜಿ ಚುಚ್ಚಿದೆ.

“ಹನ್ನೊಂದು... ಏಳು... ನಲವತ್ತು” ಅಂತ ಗೋಣಿಚೀಲದಡಿಯಿಂದ ದನಿ ಬಂತು.

ಹೀಗೇ ಐದು ಸಲ. ಐದು ಸೂಜಿತೂತು ಒಂದೇ ಗೆರೆಯಲ್ಲಿ ಬಿದ್ದವು. ಕೆಳಗಿನ ದನಿ ಸ್ವಲ್ಪ ತಗ್ಗಿತ್ತು. ರುದ್ರಣ್ಣನಿಗೆ ನಿದ್ದೆ ಬಂದಿರಬೇಕು ಅಂದುಕೊಂಡೆ. ಒಂದೇ ಒಂದು ವಿಚಿತ್ರ... ಸೀಮೆಎಣ್ಣೆ ವಾಸನೆ ಇರಲಿಲ್ಲ. ಆರಿದ ಬತ್ತಿಯ ಕಮಟು ಬರುತ್ತಿತ್ತು.

ಗೋಣಿಚೀಲ ಸರಿಸಿದೆ. ಕೆಳಗೆ ಕತ್ತಲೆ.

ಅಷ್ಟರಲ್ಲಿ ಊರ ಕಡೆಯಿಂದ ಒಂದು ಲಾಟೀನು ಅಲ್ಲಾಡುತ್ತಾ ಬಂತು. ಹಿಡಿದವನು ರುದ್ರಣ್ಣ.

ಏಣಿ ಇಳಿದದ್ದು ಹೇಗೋ ಗೊತ್ತಿಲ್ಲ. ಎಲ್ಲಿಗೆ ಹೋಗಿದ್ದೆ ಅಂತ ಕೇಳಿದೆ.

“ಎಣ್ಣೆ ತೀರಿತ್ತು, ಮನಿಗೆ ಹೋಗಿ ತರ್ತೀನಿ ಅಂತ ಕೂಗಿದೆ. ನೀನೇ ಮ್ಯಾಲಿಂದ ಹೂಂ ಅಂದ್ಯಲ್ಲೋ.”

ನಾನು ಹೂಂ ಅಂದಿರಲಿಲ್ಲ. ಅವನು ಹೊರಟದ್ದು ಹತ್ತೂವರೆಗೆ. ಗಡಿಯಾರ ಅವನ ಜೇಬಿನಲ್ಲೇ ಇತ್ತು.

ಒಳಗೆ ಹೋದೆವು. ಚಾಪೆಯ ಮೇಲೆ ಪುಸ್ತಕ ತೆರೆದಿತ್ತು. ನಾನು ಕೇಳಿದ ಐದು ಸಮಯಗಳೂ ಅದರಲ್ಲಿದ್ದವು, ಉಗುರಿನಲ್ಲಿ ಗೀರಿದ ಹಾಗೆ, ಕಾಗದ ಹರಿಯುವಷ್ಟು ಒತ್ತಿ.

“ಪೆನ್ಸಿಲ್ಲು ನನ್ನ ಕಿವಿ ಮ್ಯಾಲೇ ಐತಲ್ಲೋ” ಅಂದ ರುದ್ರಣ್ಣ, ಪಿಸುದನಿಯಲ್ಲಿ.

ಕೆಳಗೆ ಆರನೇ ಸಾಲೂ ಇತ್ತು. ಹನ್ನೆರಡು ಗಂಟೆ, ನಾಲ್ಕು ನಿಮಿಷ, ಹತ್ತು ಸೆಕೆಂಡು. ಗಡಿಯಾರ ನೋಡಿದೆವು. ಅದಕ್ಕಿನ್ನೂ ಎರಡು ನಿಮಿಷ ಬಾಕಿ ಇತ್ತು.

ಚುಕ್ಕಿ ಓಡುತ್ತಿದೆ, ಹತ್ತಿ ನೋಡಬೇಕು ಅಂತ ಜೀವ ಎಳೆಯಿತು. ರುದ್ರಣ್ಣ ನನ್ನ ರಟ್ಟೆ ಬಿಗಿಯಾಗಿ ಹಿಡಿದಿದ್ದ. ಬಿಡಿಸಿಕೊಳ್ಳಬಹುದಿತ್ತು. ಬಿಡಿಸಿಕೊಳ್ಳಲಿಲ್ಲ.

ಮುಳ್ಳು ಅಲ್ಲಿಗೆ ಬಂತು... ಮಾಳಿಗೆ ಮೇಲಿಂದ, ಗವಾಕ್ಷಿಯಲ್ಲಿ ಒಂದು ದನಿ ಇಳಿಯಿತು.

“ಹಾಂ.”

ಅದು ನನ್ನ ದನಿ.

ಬೆಳಗಾಗುವ ತನಕ ಮೇಲೆ ಹತ್ತಲಿಲ್ಲ. ಹತ್ತಿದಾಗ ನಕ್ಷೆಯಲ್ಲಿ ಆರು ತೂತುಗಳಿದ್ದವು. ಆರನೆಯದೂ ಅದೇ ಗೆರೆಯಲ್ಲಿ, ಇರಬೇಕಾದಷ್ಟೇ ದೂರದಲ್ಲಿ.

ಅದೆಷ್ಟೋ ದಿನಗಳ ಮೇಲೆ ಬಂದ ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲಿನ ಸುದ್ದಿ. ಆ ವಾರ ಒಂದು ಪುಟ್ಟ ಗ್ರಹ ಭೂಮಿಗೆ ತೀರಾ ಹತ್ತಿರದಲ್ಲಿ ಹಾದುಹೋಯಿತಂತೆ. ಯಾವುದೋ ದೇಶದವರು ಕಂಡುಹಿಡಿದರಂತೆ.

ಹೊಟ್ಟೆ ಉರಿಯಿತು. ಪೆಟ್ಟಿಗೆಯಿಂದ ಫಾರಂ ತೆಗೆದೆ. ರುದ್ರಣ್ಣ ಒಳ್ಳೆಯವನು. “ಸಮಯ ಹೇಳಿದವ ನಾನೇ ಅಂತ ನನ್ನ ಹೆಸರು ಬರಿ, ಯಾರು ಕೇಳ್ತಾರೆ” ಅಂದ. ಸುಳ್ಳು ಬೇಡವೆಂದು ಆ ಜಾಗವನ್ನು ಖಾಲಿ ಬಿಟ್ಟೆ. ಅದೊಂದು ಖಾಲಿ ಇದ್ದರೂ ಕಳಿಸಿಯೇಬಿಡೋಣ ಅಂದುಕೊಂಡಿದ್ದೆ.

ಆದರೆ ಅದರ ಮೇಲಿನ ಸಾಲು ‘ನೋಡಿದವರ ಹೆಸರು’. ಅಲ್ಲಿ ನನ್ನ ಹೆಸರು ಬರೆಯಲು ಲೇಖನಿ ಇಟ್ಟೆ... ಇವತ್ತಿಗೂ ಕೈ ಬಂದಿಲ್ಲ.