ಬಿರಿಯಾನಿಯ ಮೂರು ಕಿಲೋ

ದೂಮಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲಿ ಎನ್ನುತ್ತಾರೆ. ಸುಳ್ಳು. ಅದು ಮೂಗಿನಿಂದ ಯಾವತ್ತೋ ಇಳಿದು ಮೈಯೆಲ್ಲ ಹಬ್ಬಿದೆ. ಮಂಗಳೂರಿನಲ್ಲಿ ಹನ್ನೊಂದು ವರ್ಷ ಪೊಲೀಸ್ ಪೇದೆಯಾಗಿದ್ದವನು, ಸಾಹೇಬರು ತಮ್ಮ ಮನೆಯ ನಾಯಿಗೆ ಸ್ನಾನ ಮಾಡಿಸು ಎಂದ ದಿನ ಟೊಪ್ಪಿ ಮೇಜಿನ ಮೇಲಿಟ್ಟು ಬಂದ. ಆಮೇಲೆ ಕತಾರ್; ರಾಸ್ ಲಫಾನಿನ ಗ್ಯಾಸ್ ಸ್ಥಾವರದ ಗೇಟಿನಲ್ಲಿ ಕಾವಲು.

ಅಲ್ಲಿ ಐರ್ಲೆಂಡಿನ ಒಬ್ಬ ಮೇಲಧಿಕಾರಿ ಇದ್ದ. ಅವನೂ ಹಳೇ ಪೊಲೀಸ್, ಹಗ್ಗಜಗ್ಗಾಟದ ಹುಚ್ಚ. ಎಂಟು ಜನ, ಎಲ್ಲ ಸೇರಿ ಆರುನೂರ ನಲವತ್ತು ಕಿಲೋ, ಒಂದು ಕಿಲೋ ಹೆಚ್ಚಾದರೂ ಹೊರಗೆ. ಈ ಕ್ರಮವನ್ನು ದೂಮಪ್ಪ ಕಲಿತು ಅಲ್ಲಿದ್ದ ಕರಾವಳಿಯ ನಮ್ಮವರಿಗೆ ಕಲಿಸಿದ. ಮೊದಲ ವರ್ಷ ಆಳುಗಳನ್ನು ತೂಗಿದ್ದು ಈರುಳ್ಳಿಯ ತಕ್ಕಡಿಯಲ್ಲಿ. ಒಂದೂವರೆ ಕಿಲೋ ಹೆಚ್ಚಾಯಿತೆಂದು ಹೆಂಡತಿಯ ತಮ್ಮನ ತಂಡವನ್ನೇ ಹೊರಗೆ ಹಾಕಿದ. ಸ್ವರ್ಣಲತಾ ಎರಡು ತಿಂಗಳು ಗಂಡನೊಡನೆ ಮಾತಾಡಲಿಲ್ಲ.

ಈಗ ಅವನಿಗೆ ಅರುವತ್ತೆಂಟು. ಕಳೆದ ಡಿಸೆಂಬರಿನ ಒಂದು ಶುಕ್ರವಾರ ಕತಾರಿನ ಮುಐದರ್ ಬಡಾವಣೆಯ ಮೈದಾನದಲ್ಲಿ ಪಂದ್ಯ, ಜೊತೆಗೆ ಅವನಿಗೆ ಸನ್ಮಾನ. ಸನ್ಮಾನ ಯಾರಿಗೆ ಬೇಕಿತ್ತು? ಮೂರು ತಿಂಗಳು ಮರಳಿನಲ್ಲಿ ಬೆವರಿಳಿಸಿ ತಾನೇ ತಯಾರು ಮಾಡಿದ ಜಾಬಿರನ ತಂಡ ಹಗ್ಗ ಹಿಡಿಯುವುದನ್ನು ನೋಡಬೇಕಿತ್ತು. ಮೂರು ಗಂಟೆಗೆ ಹೋದರೆ ಎಂಟೂ ಜನ ತಲೆ ತಗ್ಗಿಸಿ ಕೂತಿದ್ದರು.

"ನಾವು ಹೊರಗೆ ಅಂತೆ ದೂಮಪ್ಪಣ್ಣ. ಮೂರು ಕಿಲೋ ಹೆಚ್ಚು," ಎಂದ ಜಾಬಿರ್.

"ಯಾವಾಗ ತೂಗಿದ್ದು?"

"ಊಟ ಆದ್ಮೇಲೆ. ನೈಟ್ ಶಿಫ್ಟ್ ಮುಗಿಸಿ ಹಸಿದು ಬಂದಿದ್ದೆವು. ತೂಕದ ಮಿಷನ್ ಕಾರಿನ ಡಿಕ್ಕಿಯಲ್ಲಿ, ಕಾರು ಅತಿಥಿಯನ್ನು ತರ್ಲಿಕ್ಕೆ ಹೋಗಿದೆ, ಅಷ್ಟರೊಳಗೆ ತಿನ್ನಿ ಅಂದ್ರು. ಬಿರಿಯಾನಿ ಬಡಿಸಿದ್ರು, ತಿಂದೆವು."

ಉಳಿದ ಐದು ತಂಡಗಳನ್ನು ಬೆಳಿಗ್ಗೆಯೇ ಖಾಲಿ ಹೊಟ್ಟೆಯಲ್ಲಿ ತೂಗಿ ಆಗಿತ್ತು.

ಪಂದ್ಯ ನಡೆಸುವ ಸಂಘದ ಕಾರ್ಯದರ್ಶಿ ಯಜ್ಞೇಶ್ ನಗುತ್ತ ಬಂದ. "ರೂಲ್ಸ್ ನಿಮ್ಮದೇ ಅಲ್ವಾ ಅಣ್ಣ? ಖಲಾಸ್. ಸ್ಟೇಜಿಗೆ ಬನ್ನಿ, ಅತಿಥಿ ಕಾಯ್ತಿದ್ದಾರೆ."

ದೂಮಪ್ಪ ಮಿಷನಿನ ಕಡೆ ನಡೆದ. ತನ್ನ ಕ್ರಮವನ್ನೇ ತನ್ನ ಕುತ್ತಿಗೆಗೆ ಹಾಕಿದ್ದಾನೆ ಈ ಬೇವರ್ಸಿ! ಮೂರೇ ಕಿಲೋ ತಾನೆ, ಬಿಡು ಎನ್ನುವ ಹಾಗಿಲ್ಲ. ಸ್ವಂತ ಭಾವಮೈದುನನನ್ನೇ ಬಿಡದವನು.

"ನನ್ನ ರೂಲ್ಸಿನಲ್ಲಿ ಊಟಕ್ಕೆ ಮೊದಲು ಅಂತ ಉಂಟು. ಊಟ ಆದ್ಮೇಲೆ ತೂಗುದಾದ್ರೆ ಎಲ್ಲರನ್ನೂ ತೂಗು. ಯಲ್ಲಾ, ಬೇಗ ಮಿಷನಿಗೆ ಹತ್ತಿಸು!"

ಮೊದಲು ಯಜ್ಞೇಶನ ಸ್ವಂತ ತಂಡ ಹತ್ತಿತು. ಎರಡೆರಡು ಸಲ ಬಡಿಸಿಕೊಂಡವರು. ಏಳು ಕಿಲೋ ಹೆಚ್ಚು. ಆಮೇಲೆ ಒಂದೊಂದಾಗಿ ಎಲ್ಲ ತಂಡಗಳೂ ಹೊರಗೆ.

"ಇನ್ನು ನೀನು, ನಿನ್ನ ಅತಿಥಿ ಎಳೀರಿ," ಎಂದ ದೂಮಪ್ಪ. ಮೈದಾನವೆಲ್ಲ ನಕ್ಕಿತು.

ಯಜ್ಞೇಶನ ಮುಖ ಹುಳ್ಳಗಾಯಿತು. "ಆಯ್ತು ಅಣ್ಣ, ಎಲ್ಲರೂ ಒಳಗೆ."

"ಎಲ್ಲರೂ ಬನ್ನಿ ಅನ್ಲಿಕ್ಕೆ ಇದೆಂತ ನಿನ್ನ ಮದುವೆಯಾ? ಬರುವ ಶುಕ್ರವಾರ. ಇವರ ನೈಟ್ ಶಿಫ್ಟಿನ ಬಸ್ಸು ಬಂದ ಮೇಲೆ ತೂಕ. ಒಬ್ಬನ ಬಾಯಿಗೂ ಚಾಯ ಸಹ ಹೋಗಬಾರದು."

ಮಿಷನನ್ನು ಕಂಕುಳಲ್ಲಿ ಹಿಡಿದು ದೂಮಪ್ಪ ಅಲ್ ಮುಂತಜಾ ಬಡಾವಣೆಯ ತನ್ನ ಮನೆಗೆ ಹೊರಟೇಬಿಟ್ಟ. ವೇದಿಕೆಯ ಮೇಲೆ ಅತಿಥಿ ಒಬ್ಬರೇ ಉಳಿದರು.

ಮುಂದಿನ ಶುಕ್ರವಾರ ಬಸ್ಸು ಬಂದದ್ದು ಬೆಳಿಗ್ಗೆ ಎಂಟೂವರೆಗೆ. ಅಲ್ಲಿಯವರೆಗೆ ಐದು ತಂಡಗಳು ಹಸಿದು ದೂಮಪ್ಪನಿಗೆ ಬಾಯಿಗೆ ಬಂದಂತೆ ಬೈದವು. ಜಾಬಿರನ ತಂಡ ಆರುನೂರ ಮೂವತ್ತೆಂಟು ತೂಗಿತು, ಹಗ್ಗ ಹಿಡಿಯಿತು, ಎರಡನೇ ಸುತ್ತಿನಲ್ಲಿ ಸೋತಿತು.

"ಹಿಮ್ಮಡಿ ಊರ್ಲಿಕ್ಕೆ ಬರುದಿಲ್ವಾ ನಿಂಗೆ?" ಎಂದು ದೂಮಪ್ಪ ಈಗಲೂ ಜಾಬಿರನಿಗೆ ವಾರಕ್ಕೊಮ್ಮೆ ಫೋನು ಮಾಡಿ ಬೈಯುತ್ತಾನೆ.