ಎಪ್ಪತ್ತೆರಡು ಮೆಟ್ಟಿಲ ಪೈಲಟ್

"ಬೆಲ್ಟು?"

"ಹಾಕಿದೆ."

"ಕೈ?"

"ಮಡಿಲಲ್ಲಿದೆ."

"ಹೆದರಿಕೆ?"

"ಅದು ನಿನಗಿರಬೇಕಪ್ಪ, ನನಗ್ಯಾಕೆ?"

ಬೆಳಗಿನ ಆರೂಕಾಲು. ಮೂರನೇ ಮಹಡಿಯ ಬಾಗಿಲಲ್ಲಿ ಕುರ್ಚಿಗೆ ಪಟ್ಟಿ ಬಿಗಿದುಕೊಂಡು ಕೂತವರು ಎಂಬತ್ತೆರಡು ವರ್ಷದ ಟೀಚರಮ್ಮ. ಪ್ರಶ್ನೆ ಕೇಳುತ್ತಿರುವವರು ವಾಯುಪಡೆಯಿಂದ ನಿವೃತ್ತರಾದ ಎಪ್ಪತ್ತೊಂದು ವರ್ಷದ ಪೈಲಟ್. ಅವರು ಕುರ್ಚಿಯನ್ನು ಹಿಂದಕ್ಕೆ ವಾಲಿಸಿ ಹಿಡಿಯುತ್ತಾರೆ, ವಾಚ್‌ಮನ್ ಮುಂದಿನ ಕಾಲು ಹಿಡಿಯುತ್ತಾನೆ. ಮೆಟ್ಟಿಲಿಗೊಂದು ಸಣ್ಣ ಕುಲುಕು, ತಿರುವಿಗೊಂದು ವಿಶ್ರಾಂತಿ. ಐವತ್ತನಾಲ್ಕು ಮೆಟ್ಟಿಲು ಮುಗಿದ ಮೇಲೆ ಟೀಚರಮ್ಮನ ಪಾದ ನೆಲ ಮುಟ್ಟುತ್ತದೆ. ಅಂಗಳದ ಬಿಸಿಲಿಗೆ ಮುಖ ಒಡ್ಡಿ ಅವರು ಕಣ್ಣು ಮುಚ್ಚುತ್ತಾರೆ.

ಐದು ಅಂತಸ್ತು, ಮೂವತ್ತು ಮನೆ, ಲಿಫ್ಟ್ ಇಲ್ಲ. ನಡೆಯಲಾಗದ ಆರು ಜನರನ್ನು ಪೈಲಟ್ ಸಾರ್ ಪ್ರತಿದಿನ ಇಳಿಸುತ್ತಾರೆ, ಎಂಟೂವರೆಗೆ ಮತ್ತೆ ಹತ್ತಿಸುತ್ತಾರೆ. ಒಬ್ಬರಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್, ಉಳಿದವರಿಗೆ ಬಿಸಿಲು ಮತ್ತು ನಾಲ್ಕು ಮಾತು. ಎಲ್ಲರಿಗಿಂತ ಮೊದಲು ಇಳಿಯುವವರು, ಎಲ್ಲರಿಗಿಂತ ಕೊನೆಗೆ ಹತ್ತುವವರು ಅವರ ಹೆಂಡತಿಯೇ. ಮನೆ ನಾಲ್ಕನೇ ಮಹಡಿಯಲ್ಲಿ. ಎಪ್ಪತ್ತೆರಡು ಮೆಟ್ಟಿಲು.

ಶುರುವಾಗಿದ್ದು ಹೆಂಡತಿಯಿಂದಲೇ. ಹತ್ತು ವರ್ಷದ ಹಿಂದೆ ಪಾರ್ಶ್ವವಾಯು ಹೊಡೆದು ಬಲಗಾಲು ಸೋತಿತು. ಹನ್ನೊಂದು ತಿಂಗಳು ಕೆಳಗಿಳಿಯಲಿಲ್ಲ. "ಒಂದಿನ ಇವಳು ಕಿಟಕಿಯಿಂದ ನೋಡ್ತಾ, ಅಲ್ಲಿ ಮಣ್ಣು ಹೇಗಿರುತ್ತೋ ಮರೆತೇ ಹೋಯ್ತು ಅಂದಳು. ಅವತ್ತೇ ಹಳೇ ಗಾಲಿಕುರ್ಚಿ ತಂದು ಬಿಚ್ಚಿದೆ," ಎನ್ನುತ್ತಾರೆ. ವಿಮಾನದ ಸೀಟಿನಂತೆ ಹೆಗಲಿಗೆ ಎರಡು, ಸೊಂಟಕ್ಕೆರಡು, ತೊಡೆಯ ನಡುವೆ ಒಂದು ಪಟ್ಟಿ ಹೊಲಿಸಿದರು. ಐದೂ ಎದೆಯ ಮೇಲಿನ ಒಂದೇ ಕೊಂಡಿಗೆ ಸೇರುತ್ತವೆ. ಹೆಂಡತಿಯನ್ನು ಇಳಿಸಿದ್ದನ್ನು ನೋಡಿ ಪಕ್ಕದ ಮನೆಯವರು ಕೇಳಿದರು. ಆಮೇಲೆ ಕೆಳಗಿನ ಮನೆಯವರು.

ಈ ಕೆಲಸಕ್ಕೆ ಇವರಷ್ಟು ಅನರ್ಹರು ಇನ್ನೊಬ್ಬರಿಲ್ಲ. ಮೂವತ್ತನಾಲ್ಕನೇ ವಯಸ್ಸಿನಲ್ಲಿ ಉರಿಯುತ್ತಿದ್ದ ವಿಮಾನದಿಂದ ಸೀಟಿನ ಸಮೇತ ಹೊರಗೆ ಚಿಮ್ಮಿದವರು ಇವರು. ಪ್ಯಾರಾಚೂಟ್ ಬಿಚ್ಚಿಕೊಂಡಿತು, ಜೀವ ಉಳಿಯಿತು. ಆದರೆ ಸೀಟು ಚಿಮ್ಮಿದ ರಭಸಕ್ಕೆ ಬೆನ್ನುಮೂಳೆಯ ಎರಡು ಬಿಲ್ಲೆ ಜಜ್ಜಿಹೋದವು, ಎತ್ತರ ಅರ್ಧ ಇಂಚು ಕಡಿಮೆಯಾಯಿತು. ಈಗ ಮೂರನೆಯದೂ ಸವೆದಿದೆ. ಭಾರ ಹೊರುವುದನ್ನು ನಿಲ್ಲಿಸದಿದ್ದರೆ ಕಾಲಿನ ಶಕ್ತಿಯೇ ಹೋಗುತ್ತದೆ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ. ಹಾಗಾಗಿ ಎರಡು ತಿಂಗಳ ಹಿಂದೆ ಪೈಲಟ್ ಸಾರ್ ನಿವಾಸಿಗಳ ಸಭೆ ಕರೆದು ಲಿಫ್ಟ್ ಕೇಳಿದರು. ತಮಗಾಗಿ ಅವರು ಏನನ್ನಾದರೂ ಕೇಳಿದ್ದು ಅದೇ ಮೊದಲು ಎನ್ನುತ್ತಾನೆ ವಾಚ್‌ಮನ್.

ಮೂವತ್ತರಲ್ಲಿ ಇಪ್ಪತ್ತು ಕೈ ಮೇಲೇಳಬೇಕಿತ್ತು. ಎದ್ದದ್ದು ಹದಿನೆಂಟು. ನೆಲಮಹಡಿಯವರಿಗೆ ಲಿಫ್ಟ್ ಬೇಡ, ಅದು ಅರ್ಥವಾಗುವ ಮಾತು. ಆದರೆ ದಿನವೂ ಇವರ ಕುರ್ಚಿಯಲ್ಲಿ ಇಳಿಯುವವರ ಮನೆಗಳಲ್ಲೇ ಮೂರು ಕೈ ಏಳಲಿಲ್ಲ. ಅದರಲ್ಲೊಂದು ಟೀಚರಮ್ಮನ ಮಗನದು. ಲಿಫ್ಟ್ ಬಂದರೆ ಅವನ ಮಲಗುವ ಕೋಣೆಯ ಕಿಟಕಿ ಮುಚ್ಚಿಹೋಗುತ್ತದಂತೆ. ಎದ್ದು ನಿಂತು ಅವನಾಡಿದ ಮಾತು ಸಭೆಯ ಪುಸ್ತಕದಲ್ಲೇ ಇದೆ, ಇವರ ಬಗ್ಗೆ ಬರೆಯಲು ಬಂದ ನಾನೇ ಓದಿದ್ದೇನೆ: "ಪೈಲಟ್ ಸಾರ್ ಇದ್ದಾರಲ್ಲ, ಒಂಬತ್ತು ವರ್ಷದಿಂದ ಯಾರಿಗೂ ತೊಂದರೆ ಆಗಿಲ್ಲ. ಈಗೇನು ಅವಸರ?"

ನಾಲ್ಕೈದು ಜನ ಚಪ್ಪಾಳೆಯನ್ನೂ ತಟ್ಟಿದರಂತೆ. ಪೈಲಟ್ ಸಾರ್ ಅವರನ್ನು ಹೊಗಳಿ ಹೊಗಳಿಯೇ ಲಿಫ್ಟನ್ನು ಹೂತುಹಾಕಿದರು. ಓದುತ್ತಾ ನನ್ನ ಮೈ ಉರಿದುಹೋಯಿತು.

ಹೆಂಡತಿಯ ಕೋಪ ಇನ್ನೂ ಆರಿಲ್ಲ. "ಇವರು ಯುದ್ಧಕ್ಕೆ ಹೋದಾಗ ಹೆದರಿದ್ದೆ, ಆದ್ರೆ ಯಾರ ಮೇಲೂ ಹೊಟ್ಟೆ ಉರಿದಿರಲಿಲ್ಲ. ಅವತ್ತು ಉರೀತು. ನಾಳೆಯಿಂದ ಯಾರನ್ನೂ ಇಳಿಸಬೇಡಿ, ನನ್ನನ್ನೂ ಬೇಡ ಅಂದೆ."

ಮರುದಿನ ಪೈಲಟ್ ಸಾರ್ ಬಾಗಿಲು ತೆರೆಯಲಿಲ್ಲ. ಆರೂವರೆಗೆ ಟೀಚರಮ್ಮನ ಮಗ ಬಂದು ಬಡಿದ.

"ಹುಷಾರಿಲ್ವಾ ಸಾರ್? ಅಮ್ಮ ಕಾಯ್ತಿದಾರೆ."

"ಬೆನ್ನು ನೋವು ಕಣಪ್ಪ."

"ಅಯ್ಯೋ, ಪರವಾಗಿಲ್ಲ ಸಾರ್. ಅವಸರ ಏನಿಲ್ಲ, ನಿಧಾನವಾಗೇ ಬನ್ನಿ."

ಇದನ್ನು ಹೇಳುವಾಗ ಪೈಲಟ್ ಸಾರ್ ನಗುತ್ತಾರೆ. ನನಗೆ ನಗು ಬರುವುದಿಲ್ಲ.

"ಅರ್ಧ ಗಂಟೆ ಗಟ್ಟಿಯಾಗಿ ಕೂತಿದ್ದೆ. ಆಮೇಲೆ ಮೆಟ್ಟಿಲಿಂದ ಕೆಳಗೆ ಇಣುಕಿದ್ರೆ ಆ ಯಮ್ಮ ಶಾಲು ಹೊದ್ದು, ಚಪ್ಪಲಿ ಹಾಕ್ಕೊಂಡು ಬಾಗಿಲಲ್ಲೇ ಕೂತಿದಾರೆ. ಕೈ ಎತ್ತದೇ ಇದ್ದಿದ್ದು ಮಗ. ಬಿಸಿಲು ತಪ್ಪೋದು ತಾಯಿಗೆ. ಅವನಿಗೇನಾಗ್ಬೇಕು? ಕುರ್ಚಿ ತಗೊಂಡು ಹೋದೆ." ಅಲ್ಲಿಗೆ ಮುಷ್ಕರ ಮುಗಿಯಿತು.

ಮಗ ಒಮ್ಮೆಯಾದರೂ ಕುರ್ಚಿಗೆ ಕೈ ಹಚ್ಚಿದ್ದಾನೆಯೇ ಎಂದು ವಾಚ್‌ಮನ್‌ನನ್ನು ಕೇಳಿದೆ. "ಫೋಟೋ ತೆಗೆದಿದ್ದಾರೆ," ಎಂದ.

ಎಂಟೂಕಾಲು. ಹತ್ತಿಸುವ ಹೊತ್ತು ಹತ್ತಿರವಾಗುತ್ತಿದೆ. ಪೈಲಟ್ ಸಾರ್ ಕಟ್ಟೆಯ ಅಂಚಿಗೆ ಕೈಯೂರಿ ಏಳುತ್ತಾರೆ. ನೆಟ್ಟಗಾಗಲು ಒಂದು ನಿಮಿಷ ಬೇಕು. ಆ ಒಂದು ನಿಮಿಷ ಹೆಂಡತಿ ಬೇರೆಲ್ಲೋ ನೋಡುತ್ತಾರೆ.

ಆಸೆ ಏನಾದರೂ ಉಳಿದಿದೆಯೇ ಎಂದು ಕೇಳುತ್ತೇನೆ.

"ಆರು ತಿಂಗಳಿಗೆ ಇನ್ನೊಂದು ಮೀಟಿಂಗ್ ಇದೆ. ಅಷ್ಟರೊಳಗೆ ನಾನು ಹಾಸಿಗೆ ಹಿಡಿದುಬಿಡಬೇಕು. ಸುಳ್ಳು ಸುಳ್ಳೇ ಅಲ್ಲ, ನಿಜವಾಗ್ಲೂ. ಒಬ್ಬರನ್ನೂ ಇಳಿಸೋಕೆ ಆಗಬಾರದು. ಆಗ ಕೈ ಎತ್ತುತ್ತಾರೆ."

"ಹಂಗಾದ್ರೆ ನನ್ನನ್ನ ಇಳಿಸೋರು ಯಾರು?" ಹೆಂಡತಿ ಕೇಳುತ್ತಾರೆ.

"ಲಿಫ್ಟು ಕಣೇ," ಎನ್ನುತ್ತಾರೆ ಪೈಲಟ್ ಸಾರ್.