ಅರ್ಧ ಕೆರೆ

ಕೆರೆಯ ಏರಿಯ ಮೇಲೆ ಚಪ್ಪಲಿ ಮೆಟ್ಟಿದವರನ್ನು ಕಂಡರೆ ನನ್ನ ಅತ್ತೆ ಅವರ ಏಳು ತಲೆಮಾರನ್ನು ಬೈಯುತ್ತಿದ್ದಳು. ತವರೂರು ಮೊರಬದಿಂದ ಸೊಸೆಯಾಗಿ ಬಂದ ಮೊದಲ ವಾರವೇ ನನಗೂ ಆ ಬೈಗುಳ ಸಿಕ್ಕಿತು. ನಮ್ಮ ಎರೆ ಭೂಮಿಯಲ್ಲಿ ಬಾವಿ ತೋಡಿದರೆ ಉಪ್ಪು ನೀರು. ಕುಡಿಯಲು ಇದ್ದದ್ದು ಅದೊಂದೇ ಕೆರೆ. ಅದರಲ್ಲಿ ಬಟ್ಟೆ ಒಗೆಯುವಂತಿಲ್ಲ, ದನ ಇಳಿಸುವಂತಿಲ್ಲ, ಮೆಟ್ಟಿಲಿಗೆ ಬರಿಗಾಲಲ್ಲೇ ಇಳಿಯಬೇಕು. ಯಾರೂ ಬೋರ್ಡು ಹಾಕಿರಲಿಲ್ಲ. ನನ್ನದು ಎರಡನೆಯ ಇಯತ್ತೆಯ ಓದು. ಹಾಕಿದ್ದರೂ ಅದನ್ನು ಓದಿ ಮುಗಿಸುವಷ್ಟರಲ್ಲಿ ಕೊಡ ತುಂಬುತ್ತಿತ್ತು.

ಬೇಸಿಗೆಯಲ್ಲಿ ಕಾಲುವೆಯಿಂದ ನೀರು ಬಿಡುವ ಮುಂಚೆ ಕೆರೆಯ ತಳ ಕಾಣುತ್ತಿತ್ತು. ಆಗ ಮನೆಗೊಬ್ಬರು ಬುಟ್ಟಿ ಹಿಡಿದು ಹೂಳೆತ್ತಲು ಬರಬೇಕು. ಗೌಡರ ಹೆಂಡತಿಯೂ ಬರುತ್ತಿದ್ದರು. ನಾಲ್ಕು ಬುಟ್ಟಿಗೇ ಸೊಂಟ ಹಿಡಿದುಕೊಂಡು ಕೂತರೆ ನನ್ನ ಅತ್ತೆ ಬಿಡುತ್ತಿರಲಿಲ್ಲ.

"ಏಳ್ರಿ ಗೌಡಸಾನಿ, ನೀರ ಕುಡಿಯೂ ಮುಂದ ನಿಮ್ಮ ಸ್ವಂಟಾ ನೋಯಂಗಿಲ್ಲೇನ್ರಿ?"

ಮಧ್ಯಾಹ್ನ ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿಯ ಗಂಟು ಬಿಚ್ಚುತ್ತಿದ್ದೆವು. ಎಲ್ಲ ಕೇರಿಯವರೂ ಒಂದೇ ಸಾಲಿನಲ್ಲಿ ಕೂತು ಉಂಡೆವು ಎಂದರೆ ಸುಳ್ಳಾದೀತು. ಕೂಡುತ್ತಿರಲಿಲ್ಲ. ಆದರೆ ಹೂಳನ್ನು ಎಲ್ಲರೂ ಎತ್ತಿರುತ್ತಿದ್ದರಿಂದ ಕೆರೆಯ ಮಾತು ಬಂದಾಗ ಯಾರ ಬಾಯನ್ನೂ ಮುಚ್ಚಿಸಲು ಆಗುತ್ತಿರಲಿಲ್ಲ.

ಒಂದು ವರ್ಷ ಗೌಡರು ಮೆಣಸಿನಕಾಯಿ ಹೊಲಕ್ಕೆ ನೀರು ಹಾಯಿಸಲು ಕೆರೆಗೆ ಇಂಜಿನ್ ತಂದಿಟ್ಟರು. ಹೆಂಗಸರೆಲ್ಲ ಖಾಲಿ ಕೊಡ ಮುಂದಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತೆವು. ಗೌಡರ ದನಿ ಇಳಿಯಿತು.

"ದಿನವಿಡೀ ಬ್ಯಾಡ. ಅರ್ಧಾ ದಿನಾ ನನಗ, ಅರ್ಧಾ ದಿನಾ ನಿಮಗ. ನಡುವಿನ ಮಾತ ಹೇಳೀನಿ."

ಅತ್ತೆ ಸೆರಗು ಸರಿಮಾಡಿಕೊಂಡಳು. "ಗೌಡ್ರ, ಸೀರಿ ನಂದು. ಮೊದಲ ಇಡೀ ಕೇಳಿದ್ರಿ, ಈಗ ಅರ್ಧಾ ಹರದ ಕೊಡು ಅಂತೀರಿ. ನನ್ನ ಮೈಮ್ಯಾಲ ಏನ ಉಳೀತ್ರಿ?"

ಮೊದಲು ನಕ್ಕವರು ಗೌಡರ ಹೆಂಡತಿ. ಇಂಜಿನ್ ಬಂದ ಚಕ್ಕಡಿಯಲ್ಲೇ ವಾಪಸು ಹೋಯಿತು.

ಆ ಮಾತನ್ನು ಕಿವಿಯಾರೆ ಕೇಳಿದ ನಾನೇ ಮುದುಕಿಯಾದ ಮೇಲೆ ತಪ್ಪು ಮಾಡಿದೆ. ಆಗ ನಾನು ಪಂಚಾಯ್ತಿ ಮೆಂಬರು. ನೀರು ಸೋಸಿ ಕ್ಯಾನಿನಲ್ಲಿ ಮಾರುವ ಸಾಹುಕಾರನೊಬ್ಬ ಕೆರೆ ಕೇಳಿಕೊಂಡು ಬಂದ. ಕೆಂಪು ಬಾವುಟದ ಸಂಘದ ಕೂಲಿ ಹೆಂಗಸರು ಒಂದು ಹನಿಯನ್ನೂ ಕೊಡಬೇಡಿ ಎಂದರು. ಅಧ್ಯಕ್ಷರು ಎದ್ದು ನಿಂತರು. ಮೆತ್ತನೆಯ ಮನುಷ್ಯ, ಯಾರಿಗೂ ಜೋರು ಮಾಡಿದವರಲ್ಲ. ಯಾವ ಪಕ್ಷದವರು ಊರಿಗೆ ಬಂದರೂ ಚಹಾ ಅವರ ಮನೆಯಲ್ಲೇ.

"ಅವರದೂ ಅತಿ ಆತು, ಇವರದೂ ಅತಿ ಆತು. ನಡುವಿನ ದಾರಿ ಹಿಡಿಯೂಣು. ಮಧ್ಯಾಹ್ನದ ತನಕಾ ಅವರ ಟ್ಯಾಂಕರ್, ಆಮ್ಯಾಲ ಊರು. ಏನಂತೀರಿ ಯವ್ವಾ?"

ಕೂಡಲು ಕುರ್ಚಿ ಕೊಟ್ಟಿದ್ದರು, ಯವ್ವಾ ಎಂದಿದ್ದರು. ಜಗಳವಿಲ್ಲದೆ ಮನೆ ಸೇರಿದರೆ ಸಾಕಾಗಿತ್ತು. ಕೈ ಎತ್ತಿದೆ.

ಮೆಟ್ಟಿಲಿಗೆ ಸಾಹುಕಾರನ ಗೇಟು ಬಂತು, ಗೇಟಿಗೆ ಬೀಗ ಬಂತು. ಮರುವರ್ಷ ಸಾಹುಕಾರ ಉಳಿದ ಅರ್ಧ ದಿನವನ್ನೂ ಕೇಳಿದ. ನಾವು ಬೇಡ ಎಂದೆವು. ಅಧ್ಯಕ್ಷರು ಮತ್ತೆ ನಡು ಹುಡುಕಿದರು, ಈ ಸಲ ಆ ಅರ್ಧದ ನಡು. ಊರಿಗೆ ಸಂಜೆಯ ಮೂರು ತಾಸು ಉಳಿಯಿತು. ಹೆಚ್ಚು ಕೇಳುವವನ ಕಡೆಗೆ ನಡು ಜರುಗುತ್ತ ಹೋಗುತ್ತದೆ ಎಂಬುದು ಬೀಗದ ಮುಂದೆ ಕೊಡ ಹಿಡಿದು ನಿಂತಾಗ ನನಗೆ ತಿಳಿಯಿತು.

ಪಂಚಾಯ್ತಿ ಚುನಾವಣೆ ಬಂತು. ನಾನು ನಿಲ್ಲಲಿಲ್ಲ. ಒಂದು ಗುಂಪಿನವರು ಕ್ಯಾನಿಗೆ ರಿಯಾಯಿತಿ ಕಾರ್ಡು ಎಂದರು, ಇನ್ನೊಂದು ಗುಂಪಿನವರು ಮನೆ ಬಾಗಿಲಿಗೇ ಕ್ಯಾನು ಎಂದರು. ಗೇಟು ತೆಗೆಸುತ್ತೇವೆ ಎಂದವರು ಎರಡರಲ್ಲೂ ಇಲ್ಲ. ಎದುರುಬದುರು ಅಂಗಡಿ ಇಟ್ಟವರ ಹಾಗೆ ಅವರು ಕೂಗುತ್ತಿದ್ದರು, ನಾವು ಗಿರಾಕಿಗಳ ಹಾಗೆ ಕೇಳುತ್ತಿದ್ದೆವು.

"ಯಾವದರ ಒಂದ ಆರಿಸ್ರಿ ಅತ್ತಿ, ಇಲ್ಲಂದ್ರ ಎರಡೂ ಹೋಗ್ತಾವು," ಎಂದಳು ನನ್ನ ಸೊಸೆ.

"ಹೂಳ ಎತ್ತಿದಾಕಿ ನಾನು. ನನ್ನ ಕೆರಿ ನೀರಿಗೆ ನನಗ ರಿಯಾಯಿತಿ ಕೊಡಾಕ ಇವರ್ಯಾರಬೇ?"

ಅದೇ ಅಧ್ಯಕ್ಷರು ಮತ್ತೆ ಆರಿಸಿ ಬಂದರು. ಎರಡೂ ಗುಂಪಿಗೆ ಬೇಕಾದವರು.

ಹೋದ ಬೇಸಿಗೆಯಲ್ಲಿ ಕೆರೆಯ ತಳ ಕಂಡಿತು. ಹೂಳೆತ್ತಲು ಯಾರೂ ಬರಲಿಲ್ಲ. ಸಾಹುಕಾರನ ಕೆರೆಗೆ ನಮ್ಮ ಬುಟ್ಟಿ ಯಾಕೆ ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅದೇ ವಾರ ಪಂಚಾಯ್ತಿಯಲ್ಲಿ ಅವನ ಕರಾರು ಮುಂದುವರಿಸುವ ಸಭೆ. ಅತ್ತೆಯ ಬುಟ್ಟಿಯನ್ನು ಅಟ್ಟದಿಂದ ಇಳಿಸಿಕೊಂಡು ಹೋಗಿ ಬಾಗಿಲಲ್ಲಿ ನಿಂತೆ.

"ಬರ್ರಿ ಯವ್ವಾ, ಕೂಡ್ರಿ. ಏನ ಕೆಲಸಾ ತಗದ ಬಂದ್ರಿ?" ಎಂದರು ಅಧ್ಯಕ್ಷರು.

"ಅವತ್ತ ಎತ್ತಿದ ಕೈ ಇಳಸಾಕ ಬಂದೀನ್ರಿ."

ಕಾರ್ಯದರ್ಶಿ ಪುಸ್ತಕ ತಿರುವಿ ಹಾಕಿದ. "ಹಂಗ ಬರಿಯಾಕ ಬರೂದಿಲ್ರೀ ಆಯಿ."

"ಬರೀಬ್ಯಾಡಪಾ. ನಡುವಿನ ದಾರಿ ಅನ್ನಾವ್ರು ಮೊದಲ ಗೇಟಿನ ತನಕಾ ಬಂದು, ಆ ನಡು ಎಲ್ಲೈತಿ ಅಂತ ನನಗ ಕೈ ಮಾಡಿ ತೋರಸ್ರಿ."

ಯಾರೂ ಏಳಲಿಲ್ಲ. ಕರಾರಿನ ಮಾತು ಇನ್ನೊಂದು ಸಭೆಗೆ ಹೋಯಿತು, ಅಷ್ಟೇ. ಗೆದ್ದೆ ಎಂದು ಹೇಳಲಾರೆ.

ಮರುದಿನ ಮುಂಜಾನೆ ಬುಟ್ಟಿ ಹಿಡಿದು ಕೆರೆಗೆ ಹೋದೆ. ಸಭೆಯ ಸುದ್ದಿ ಕೇಳಿದ್ದ ಕೆಂಪು ಬಾವುಟದ ಹೆಂಗಸರು ಸಲಿಕೆ ತಂದಿದ್ದರು. ಸೊಸೆಯೂ ಹಿಂದಿನಿಂದ ಬಂದಳು. ಗೇಟಿಗೆ ಬೀಗವಿತ್ತು. ಏರಿ ಬಳಸಿ, ಆಚೆ ಬದಿಯಿಂದ ಒಣಗಿದ ತಳಕ್ಕೆ ಇಳಿಯತೊಡಗಿದೆವು. ಸೊಸೆಯ ಕಾಲಲ್ಲಿ ಚಪ್ಪಲಿ.

ಅತ್ತೆಯ ಬೈಗುಳ ಒಂದಕ್ಷರ ತಪ್ಪದೆ ನನ್ನ ಬಾಯಿಂದ ಬಂತು. ಸೊಸೆ ನನ್ನನ್ನು ನೋಡಿದಳು, ಬೀಗ ನೋಡಿದಳು, ಮತ್ತೆ ಮೇಲೆ ಹತ್ತಿ ಹೋಗಿ ಚಪ್ಪಲಿ ಬಿಟ್ಟು ಬಂದಳು.